ಎದ್ದು ಹೋಗುವ ಓದುಗರು

ಮಕ್ಕಳಿಗಾಗಿ ಬರೆಯುವವರನ್ನು ಸಭೆಗೆ ಕರೆಯುವುದಕ್ಕೆ ನಮ್ಮ ಊರುಗಳಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿದೆ. ನವೆಂಬರ್ 1ರ ರಾಜ್ಯೋತ್ಸವದ ಬಾವುಟ ಇಳಿಯುವ ಮೊದಲೇ 14ರ ಮಕ್ಕಳ ದಿನಾಚರಣೆಯ ಆಹ್ವಾನ ಪತ್ರಿಕೆ ಅಚ್ಚಾಗುತ್ತದೆ. ಅದರ ಬೆನ್ನಿಗೆ ಶಾಲಾ ವಾರ್ಷಿಕೋತ್ಸವ, ಆಮೇಲೆ ತಾಲ್ಲೂಕು ಮಕ್ಕಳ ಸಾಹಿತ್ಯ ಸಮ್ಮೇಳನ. ಸಾಹಿತಿ ವೇದಿಕೆಯ ಮೇಲೆ, ಮಕ್ಕಳು ಶಾಮಿಯಾನದ ಕೆಳಗೆ ಜಮಖಾನದ ಮೇಲೆ, ಸಾಲಿನ ತುದಿಗಳಲ್ಲಿ ಕಣ್ಣರಳಿಸಿ ನಿಂತ ಮೇಷ್ಟ್ರುಗಳು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಅಧ್ಯಕ್ಷರಿಗೆ ಬೇರೆ ಕಾರ್ಯಕ್ರಮವಿರುವುದರಿಂದ ಅವರ ಭಾಷಣ ಮೊದಲು. ಸಾಹಿತಿಯ ಸರದಿ ಬರುವ ಹೊತ್ತಿಗೆ ಬಿಸಿಯೂಟದ ಸಾರಿನ ವಾಸನೆ ಬಂದಿರುತ್ತದೆ. ಓದುವ ಹವ್ಯಾಸದ ಮಹತ್ವದ ಮೇಲೆ ನಾಲ್ಕು ಮಾತಾಡಿ, ಶಾಲು ಹೊದೆಸಿಕೊಂಡು, ಫಲತಾಂಬೂಲ ಹಿಡಿದು ಅವರು ಇಳಿಯುತ್ತಾರೆ. (ಬಸ್ ಚಾರ್ಜಿನ ಮಾತನ್ನು ಯಾರೂ ಎತ್ತುವುದಿಲ್ಲ, ಕೇಳುವುದು ಸಾಹಿತಿಗೆ ಶೋಭಿಸುವುದೂ ಇಲ್ಲವಂತೆ.) ಇಷ್ಟಾದರೂ ಮಕ್ಕಳ ಸಾಹಿತಿ ಇಂಥ ಕೂಟಗಳಿಗೆ ಹೋಗಲೇಬೇಕು ಎನ್ನುವವನು ನಾನು. ಸಮಾಜಸೇವೆಯೆಂದೂ ಪ್ರಚಾರವೆಂದೂ ಅಲ್ಲ, ಬರವಣಿಗೆಯ ಕಸುಬಿಗೆ ಅದು ಬೇಕೆಂದು. ಷರತ್ತು ಒಂದೇ: ಬೇಸರವಾದ ಮಗುವಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು.

ಷರತ್ತು ವಿಚಿತ್ರವೆನಿಸಿದರೆ ಮಕ್ಕಳ ಪುಸ್ತಕ ಹಾಯ್ದು ಬರುವ ದಾರಿಯನ್ನು ನೋಡಿ. ಬರೆಯುವವರು ದೊಡ್ಡವರು, ಅಚ್ಚು ಹಾಕುವವರು ದೊಡ್ಡವರು. ಗ್ರಂಥಾಲಯದ ಸಗಟು ಖರೀದಿಗೆ ಆರಿಸುವ ಸಮಿತಿ, ಪಠ್ಯಪುಸ್ತಕಕ್ಕೆ ಪದ್ಯ ಹುಡುಕುವ ಸಮಿತಿ, 2010ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ತೀರ್ಪುಗಾರರು, ಎಲ್ಲರೂ ದೊಡ್ಡವರೇ. ಅಂಗಡಿಯಲ್ಲಿ ದುಡ್ಡು ಕೊಡುವ ಅಪ್ಪ ಅಮ್ಮನೂ ಅಷ್ಟೆ, ಮಗು ಕೈಚಾಚಿದ ಪುಸ್ತಕವನ್ನು ಬದಿಗಿಟ್ಟು ‘ಉಪಯೋಗಕ್ಕೆ ಬರುವಂಥದ್ದು’ ಕೇಳುತ್ತಾರೆ. ಕಾದಂಬರಿ ಚೆನ್ನಾಗಿಲ್ಲದಿದ್ದರೆ ದೊಡ್ಡ ಓದುಗ ಎರಡನೆಯದನ್ನು ಕೊಳ್ಳುವುದಿಲ್ಲ, ಲೇಖಕನಿಗೆ ಸುದ್ದಿ ಮುಟ್ಟುತ್ತದೆ. ಮಗುವಿನ ಬೇಸರ ಮಾತ್ರ ಯಾರಿಗೂ ಮುಟ್ಟುವುದಿಲ್ಲ. ಒಂದೂ ಮಗುವಿನ ಅಭಿಪ್ರಾಯ ಕೇಳದೆ ಒಂದು ಮಕ್ಕಳ ಪುಸ್ತಕ ಮರುಮುದ್ರಣ, ಬಹುಮಾನ, ಸನ್ಮಾನ ಎಲ್ಲವನ್ನೂ ಮುಗಿಸಿಕೊಂಡು ಬರಬಹುದು.

ಹಾಗಿದ್ದೂ ಕನ್ನಡದಲ್ಲಿ ಒಳ್ಳೆಯ ಮಕ್ಕಳ ಸಾಹಿತ್ಯ ಹೇಗೆ ಬಂತು? ಬರೆದವರಲ್ಲಿ ಹೆಚ್ಚಿನವರು ದಿನವೂ ಮಕ್ಕಳ ಎದುರು ನಿಂತವರು ಎಂಬುದು ಒಂದು ಉತ್ತರ. ಪಂಜೆ ಮಂಗೇಶರಾಯರು ಮೇಷ್ಟ್ರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಕಾಲೇಜಿನಲ್ಲಿ ಪಾಠ ಹೇಳಿದವರು, ಪುಸ್ತಕಗಳನ್ನು ತಾವೇ ಹೊತ್ತು ಓದುಗರ ಬಳಿಗೆ ಒಯ್ದವರು. ದೊಡ್ಡವರ ಸಾಹಿತ್ಯ ಸಮ್ಮೇಳನಗಳೂ ಇಬ್ಬರನ್ನೂ ಅಧ್ಯಕ್ಷ ಪೀಠಕ್ಕೆ ಕರೆದವು, 1934ರಲ್ಲಿ ರಾಯಚೂರಿನಲ್ಲಿ ಪಂಜೆಯವರನ್ನು, 1978ರಲ್ಲಿ ದೆಹಲಿಯಲ್ಲಿ ರಾಜರತ್ನಂ ಅವರನ್ನು. ಈಚಿನವರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರ, ವಿಜಯಶ್ರೀ ಹಾಲಾಡಿ ಇಬ್ಬರೂ ಶಿಕ್ಷಕ ವೃತ್ತಿಯವರು. ಆದರೆ ಈ ಉತ್ತರ ಅರ್ಧ ಮಾತ್ರ. ತರಗತಿಯ ಮಗು ಬೇಸರವಾದರೂ ಎದ್ದು ಹೋಗುವಂತಿಲ್ಲ. ನಮ್ಮ ಮಕ್ಕಳ ಕತೆಗಳ ಕೊನೆಯಲ್ಲಿ ನೀತಿ ತಪ್ಪದೆ ಬಂದು ಕೂರುವುದಕ್ಕೂ, ಕೇಳುಗರು ಬೆಂಚಿಗೆ ಕಟ್ಟಿದಂತೆ ಕೂತಿರುವುದಕ್ಕೂ ನಂಟಿದೆ ಎಂಬ ಗುಮಾನಿ ನನ್ನದು. ಕತೆ ಮುಗಿದ ಮೇಲೂ ಮಕ್ಕಳು ಕೂತೇ ಇದ್ದರೆ ಹೇಳುವವರಿಗೆ ಇನ್ನೊಂದು ಮಾತು ಸೇರಿಸುವ ಆಸೆಯಾಗದೆ ಇರುತ್ತದೆಯೆ?

ಮಕ್ಕಳು ಓಡಾಡಿಕೊಂಡಿರುವ ಜಾಗದ ಕತೆಯ ಕಟ್ಟಡವೇ ಬೇರೆ. ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ನೋಡಿ. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಬೆರಳು, ಅವರನ್ನು ಕೇಳಿದರೆ ಮತ್ತೊಬ್ಬರತ್ತ. ಜನಪದರ ಸರಪಳಿ ಕತೆಗಳೆಲ್ಲ ಹೀಗೆಯೇ. ಇದನ್ನು ನೆನಪಿಗೆ ಅನುಕೂಲ ಎನ್ನುವುದು ವಾಡಿಕೆ. ನನಗೆ ಕಾಣುವುದು ಇನ್ನೊಂದು ಜಾಣತನ: ನಡುವೆ ನೀರು ಕುಡಿಯಲು ಓಡಿದ ಮಗು ಎರಡು ಕೊಂಡಿಗಳ ನಂತರ ಬಂದು ಕೂತರೂ ಅದಕ್ಕೆ ಕತೆಯ ಎಳೆ ಸಿಗುತ್ತದೆ. ಹೋದವರು ಹಿಂತಿರುಗಲಿ ಎಂದು ಬಾಗಿಲು ತೆರೆದಿಟ್ಟ ಕತೆಗಳು ಇವು. ಅಂಗಳದಲ್ಲಿ ಕೂತು ಕತೆ ಹೇಳಿದ ಅಜ್ಜಿಯರಿಗೆ ಹಾಜರಿ ಪುಸ್ತಕದ ಬಲವಿರಲಿಲ್ಲ, ಕತೆಯ ಬಲವೊಂದೇ. ಇನ್ನು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಅದಕ್ಕೆ ಮೂಲವಾದ ಬ್ರೌನಿಂಗನ ಕವಿತೆ, ಮ್ಯಾಕ್ರೆಡಿ ಎಂಬ ನಟನ ಕಾಯಿಲೆ ಬಿದ್ದ ಮಗ ಚಿತ್ರ ಬರೆದುಕೊಂಡಿರಲಿ ಎಂದು ಹುಟ್ಟಿದ್ದು. ಹಾಸಿಗೆ ಹಿಡಿದ ಆ ಹುಡುಗನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಲಿಲ್ಲ, ನಿಜ. ಹಿಡಿಸದಿದ್ದರೆ ಪೆನ್ಸಿಲು ಎತ್ತದಿರುವ ಸ್ವಾತಂತ್ರ್ಯವಂತೂ ಇತ್ತು. ಅಂದಹಾಗೆ, ಕನ್ನಡದ ಮಕ್ಕಳ ಪದ್ಯಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಸರಾದ ಇದರಲ್ಲಿ ನಡೆಯುವುದೇನು? ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರನ್ನು ಬಿಟ್ಟು ಮಕ್ಕಳು ಹಾಡಿನ ಹಿಂದೆ ಎದ್ದು ಹೋಗುವುದು!

ನಮ್ಮ ಮಕ್ಕಳ ಸಾಹಿತ್ಯ ಸಮ್ಮೇಳನಗಳು ಈ ವಿಷಯದಲ್ಲಿ ಹಿಂದಕ್ಕೇ ನಡೆದಿವೆ. ಮಗುವನ್ನೇ ಸಮ್ಮೇಳನಾಧ್ಯಕ್ಷರನ್ನಾಗಿ ಮಾಡುತ್ತಾರೆ, ಪೇಟ ತೊಡಿಸಿ ಮೆರವಣಿಗೆ ಮಾಡುತ್ತಾರೆ. ನೋಡಲು ಚೆಂದ. ಆದರೆ ಅಧ್ಯಕ್ಷ ಭಾಷಣದಲ್ಲಿ ಗಡಿ ಸಮಸ್ಯೆ, ಭಾಷಾ ಮಾಧ್ಯಮ, ಯುವಜನರ ಮೊಬೈಲ್ ಗೀಳು ಒಂದರ ಹಿಂದೊಂದು ಬರತೊಡಗಿದಾಗ ಬರೆದುಕೊಟ್ಟ ಕೈ ಯಾವುದೆಂದು ಗೊತ್ತಾಗಿಬಿಡುತ್ತದೆ. ಕವಿಗೋಷ್ಠಿಯಲ್ಲಿ ಅಮ್ಮ, ಪರಿಸರ, ಸೈನಿಕ. ಹೋಂವರ್ಕ್ ಮೇಲಿನ ಸಿಟ್ಟಿಗೆ, ತಮ್ಮನ ಮೇಲಿನ ಹೊಟ್ಟೆಕಿಚ್ಚಿಗೆ ಅಲ್ಲಿ ಜಾಗವಿಲ್ಲ. ಇದರಿಂದ ಮಕ್ಕಳಿಗೆ ಧೈರ್ಯ ಬರುತ್ತದೆ, ಮೈಕಿನ ಭಯ ಹೋಗುತ್ತದೆ ಎಂದು ಸಂಘಟಕರು ಹೇಳುವುದರಲ್ಲಿ ಸುಳ್ಳಿಲ್ಲ. ವೇದಿಕೆ ಹತ್ತಿದ ಹತ್ತು ಮಕ್ಕಳಿಗೆ ಅದು ಲಾಭವೇ. ಕೆಳಗೆ ಕೂತ ಐನೂರು ಮಕ್ಕಳು ಕಲಿಯುವುದು ಮಾತ್ರ ಇಷ್ಟು: ಸಾಹಿತ್ಯವೆಂದರೆ ಅಲುಗಾಡದೆ ಕೂರುವುದು, ಸನ್ನೆಯಾದಾಗ ಚಪ್ಪಾಳೆ ತಟ್ಟುವುದು.

ಇನ್ನು ಸಾಹಿತಿಗಳ ಆಕ್ಷೇಪ. ಬರವಣಿಗೆ ಏಕಾಂತದ ಕೆಲಸ, ಮಾತುಗಾರಿಕೆ ಬೇರೆಯೇ ವಿದ್ಯೆ, ಸಂಕೋಚದ ಸ್ವಭಾವದವರು ಏನು ಮಾಡಬೇಕು? ಕುಣಿದು ಕುಪ್ಪಳಿಸಿ ಕತೆ ಹೇಳುವವರ ಮುಂದೆ ಚೆನ್ನಾಗಿ ಬರೆಯುವವರು ಮಂಕಾಗುವುದಿಲ್ಲವೆ? ಆಕ್ಷೇಪ ನ್ಯಾಯವಾದದ್ದು, ಆದರೆ ನಾನು ಕೇಳುತ್ತಿರುವುದು ಅಭಿನಯವನ್ನಲ್ಲ. ಕತೆಯನ್ನು ಬೇರೆ ಯಾರಾದರೂ ಓದಲಿ, ಬರೆದವರು ಹಿಂದಿನ ಸಾಲಿನಲ್ಲಿ ಕೂತು ನೋಡಲಿ. ಸಂಕೋಚದವರಿಗೆ ಇದು ಇನ್ನೂ ಒಳ್ಳೆಯದು, ದನಿಯ ಏರಿಳಿತದಲ್ಲಿ ಕತೆಯ ದೋಷ ಮುಚ್ಚಿಹೋಗುವ ಅಪಾಯ ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮಕ್ಕಳ ಗುಂಪು ನಗುವನ್ನು ಬೇಗ ಮೆಚ್ಚುತ್ತದೆ, ಮೌನವನ್ನು ಮೆಚ್ಚುವುದಿಲ್ಲ. 2011ರಲ್ಲಿ ಪುರಸ್ಕಾರ ಪಡೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಯಂಥದ್ದನ್ನು ಗದ್ದಲದ ಬಯಲಲ್ಲಿ ಓದಿ ಪರೀಕ್ಷಿಸುವುದು ಸರಿಯೆ? ಸರಿಯಲ್ಲ, ಒಪ್ಪಿದೆ. ಒಂಟಿಯಾಗಿ, ನಿಧಾನವಾಗಿ ಓದಬೇಕಾದ ಪುಸ್ತಕಗಳಿಗೆ ಈ ಅಳತೆಗೋಲು ಹೊಂದುವುದಿಲ್ಲ. ಆದರೆ ಕನ್ನಡದಲ್ಲಿ ಬರುತ್ತಿರುವ ಮಕ್ಕಳ ಪುಸ್ತಕಗಳಲ್ಲಿ ಅಂಥವು ಎಷ್ಟು? ಪ್ರಾಸಕ್ಕೆಂದೇ ಬರೆದ ಶಿಶುಗೀತೆಗಳು, ಮಾತಾಡುವ ಮೊಲ ನರಿಗಳ ಪುಟ್ಟ ಕತೆಗಳು ದನಿಯಲ್ಲೇ ನಿಲ್ಲಬೇಕಾದವು. ಅವು ಅಲ್ಲಿಯೂ ನಿಲ್ಲದಿದ್ದರೆ ಏಕಾಂತದ ಹೆಸರು ಹೇಳಿ ಪಾರಾಗುವಂತಿಲ್ಲ.

ಇನ್ನೂರು ಮಕ್ಕಳನ್ನು ಎದ್ದು ಹೋಗಲು ಬಿಟ್ಟರೆ ಹೆಡ್‌ಮಾಸ್ಟರ ಗತಿಯೇನು ಎಂದು ಕೇಳಬಹುದು. ಇನ್ನೂರು ಮಕ್ಕಳೇಕೆ ಬೇಕು? ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮಕ್ಕಳ ಕೂಟ ಹಾಜರಿ ಕರೆಯುವ ಶಾಲೆಯಾಗಿರಲಿಲ್ಲ. ಶಿವರಾಮ ಕಾರಂತರ ಪುತ್ತೂರಿನ ಬಾಲವನಕ್ಕೂ ಪರೀಕ್ಷೆಯ ಭಯ ಹಾಕುವ ಅಗತ್ಯ ಬೀಳಲಿಲ್ಲ. ಈಗಿನ ಅನುಕೂಲ ಇನ್ನೂ ದೊಡ್ಡದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳು ತಾವಾಗಿಯೇ ಬಂದು ಹೋಗುವ ಜಾಗ ಅದು, ಅಲ್ಲಿ ಹದಿನೈದು ಮಕ್ಕಳಿದ್ದರೆ ಧಾರಾಳವಾಯಿತು. ಶಾಮಿಯಾನದ ಬಾಡಿಗೆ ಉಳಿಯುತ್ತದೆ, ಆ ದುಡ್ಡಿನಲ್ಲಿ ಸಾಹಿತಿಗೆ ಸಂಭಾವನೆ ಕೊಡಬಹುದು. ಹೋಗುವವರೂ ಬಿಡುಗಡೆಗೆ ಸಿದ್ಧವಾದ ಪುಸ್ತಕದ ಕಟ್ಟನ್ನು ಮನೆಯಲ್ಲಿಟ್ಟು ಇನ್ನೂ ಅಚ್ಚಿಗೆ ಹೋಗದ ಬರಹವನ್ನು ಒಯ್ಯಲಿ, ಜೊತೆಗೊಂದು ಪೆನ್ಸಿಲು. ಮೊದಲ ಮಗು ಎದ್ದದ್ದು ಯಾವ ಸಾಲಿನಲ್ಲಿ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಬಹುದು.