ಅಜ್ಜಿ ಹೇಳದ ತೋಳದ ಕಥೆ

ತೋಳ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಶಾಲೆಯಲ್ಲಿ ಕೇಳಿದ ‘ತೋಳ ಬಂತು ತೋಳ’ ಕಥೆ. ಸುಳ್ಳು ಹೇಳಬೇಡ ಅನ್ನೋ ನೀತಿ, ಅಷ್ಟೇ. ಯುರೋಪಿನ ಹೆಣ್ಣುಮಕ್ಕಳಿಗೆ ಮಾತ್ರ ತೋಳ ಬೇರೆಯದೇ ಪಾಠ ಕಲಿಸುತ್ತಾ ಬಂದಿದೆ. ಕೆಂಪು ಟೋಪಿಯ ಹುಡುಗಿ ಕಾಡು ದಾಟಿ ಅಜ್ಜಿ ಮನೆಗೆ ಹೊರಟ ಕಥೆ ಗೊತ್ತಲ್ಲ? ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅದನ್ನು ಪ್ರಕಟಿಸಿದಾಗ ಅವಳನ್ನು ಕಾಪಾಡೋಕೆ ಯಾರೂ ಬರಲಿಲ್ಲ. ತೋಳ ಹುಡುಗಿಯನ್ನು ತಿಂದುಬಿಡುತ್ತೆ, ಕಥೆ ಮುಗೀತು. ಕೊನೆಗೊಂದು ನೀತಿ: ನಯವಾಗಿ ಮಾತಾಡೋ ತೋಳಗಳೇ ಎಲ್ಲಕ್ಕಿಂತ ಅಪಾಯ.

ಈ ಕಥೆಯ ಎಳೆ ಹಿಡಿದು 1984ರಲ್ಲಿ ಬಂದ ಬ್ರಿಟಿಷ್ ಸಿನಿಮಾ ‘ದಿ ಕಂಪನಿ ಆಫ್ ವುಲ್ವ್ಸ್’. ನಿರ್ದೇಶಕ ನೀಲ್ ಜೋರ್ಡನ್ ಅವರಿಗೆ ಇದು ಎರಡನೇ ಚಿತ್ರ. ಲೇಖಕಿ ಆಂಜೆಲಾ ಕಾರ್ಟರ್ 1979ರ ತಮ್ಮ ‘ದಿ ಬ್ಲಡಿ ಚೇಂಬರ್’ ಸಂಕಲನದ ತೋಳಮಾನವರ ಕಥೆಗಳನ್ನು ಆಧಾರವಾಗಿಟ್ಟುಕೊಂಡು ಜೋರ್ಡನ್ ಜೊತೆ ಚಿತ್ರಕಥೆ ಬರೆದರು. ಕಳೆದ ತಿಂಗಳು ಒಂದು ಶನಿವಾರ ರಾತ್ರಿ ನೋಡಿದೆ. ಅದೇ ವಾರ ಊರಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. “ಅಲ್ಲಿ ಹೆಂಗಿರಬೇಕು ಅಂತ ಆಕಿಗೆ ಒಂದಿಷ್ಟು ಬುದ್ಧಿ ಹೇಳವಾ. ನಾ ಹೇಳಿದ್ರ ಕೇಳೂದಿಲ್ಲ” ಅಂದಿದ್ದರು. ಏನು ಹೇಳೋದು ಅಂತ ತಲೆಯಲ್ಲಿ ಕೊರೀತಾನೇ ಇತ್ತು.

ಸುಮಾರು 20 ಲಕ್ಷ ಪೌಂಡಿನಲ್ಲಿ ಮುಗಿಸಿದ ಚಿತ್ರ ಇದು. ಕಾಡನ್ನು ಷೆಪರ್ಟನ್ ಸ್ಟುಡಿಯೋದ ಒಳಗೇ ಕಟ್ಟಿದ್ದಾರೆ. ಸೆಟ್ ಹಾಕಿದ ಆಂಟನ್ ಫರ್ಸ್ಟ್ ಮುಂದೆ 1989ರ ‘ಬ್ಯಾಟ್‌ಮನ್’ಗೆ ಆಸ್ಕರ್ ಗೆದ್ದವರು. ತೋಳಗಳಲ್ಲಿ ಹೆಚ್ಚಿನವು ತೋಳಗಳೇ ಅಲ್ಲ, ರೋಮಕ್ಕೆ ಬಣ್ಣ ಹಚ್ಚಿದ ಬೆಲ್ಜಿಯನ್ ಶೆಫರ್ಡ್ ನಾಯಿಗಳು. ಹಾಗಂತ ಕಣ್ಣಿಗೆ ಅಗ್ಗ ಅನ್ನಿಸಲ್ಲ. ಇಡೀ ಸಿನಿಮಾ ಒಬ್ಬ ಹುಡುಗಿಯ ಕನಸು ತಾನೇ? ಕನಸಿನ ಕಾಡು ಇರೋದೇ ಹೀಗೆ ಅಂತ ಒಪ್ಪಿಕೊಂಡುಬಿಡ್ತೀವಿ.

ನಮ್ಮ ಪುಟ್ಟಣ್ಣ ಕಣಗಾಲ್ ಅವರ ‘ಕಥಾ ಸಂಗಮ’ದಲ್ಲಿ ಮೂರು ಕಥೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಲ್ಲಿ ಕಥೆಯೊಳಗೆ ಕಥೆ. ಮಲಗಿರೋ ರೋಸಲೀನ್ ಎಂಬ ಹುಡುಗಿಯ ಕನಸಿನಲ್ಲಿ ಒಂದು ಹಳ್ಳಿ, ಆ ಹಳ್ಳಿಯಲ್ಲಿ ಒಬ್ಬ ಅಜ್ಜಿ. ಮೊಮ್ಮಗಳಿಗೆ ಕೆಂಪು ಶಾಲು ಹೆಣೆಯುತ್ತಾ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಡ್ತಾಳೆ: ದಾರಿ ಬಿಟ್ಟು ಹೋಗಬೇಡ, ಬಿದ್ದ ಸೇಬು ತಿನ್ನಬೇಡ, ಹುಬ್ಬು ಕೂಡಿದ ಗಂಡಸನ್ನು ನಂಬಬೇಡ. ನನಗೆ ನಗು ಬಂತು. ನಮ್ಮ ಅಜ್ಜಿಯ ಪಟ್ಟಿಯೂ ಹೀಗೇ ಇತ್ತು. ಮುಸ್ಸಂಜೆ ಹುಣಸೆ ಮರದ ಕೆಳಗೆ ನಿಲ್ಲಬೇಡ, ಕೂದಲು ಬಿಟ್ಟುಕೊಂಡು ಹೊರಗೆ ಹೋಗಬೇಡ, “ಹೊತ್ತು ಮುಳುಗೂದ್ರಾಗ ಮನಿ ಸೇರಬೇಕು ನೋಡವಾ.”

ಅಜ್ಜಿ ಹೇಳೋ ಮೊದಲ ಕಥೆಯಲ್ಲಿ ಮದುಮಗ ಮೊದಲ ರಾತ್ರಿಯೇ ಹೊರಗೆ ಹೋದವನು ಕಾಣೆಯಾಗ್ತಾನೆ. ಹೆಂಡತಿ ಕಾದು ಕಾದು ಬೇರೆ ಮದುವೆಯಾಗ್ತಾಳೆ, ಮಕ್ಕಳೂ ಆಗ್ತವೆ. ವರ್ಷಗಳ ಮೇಲೆ ಅವನು ಮರಳಿ ಬಂದು, ಸಿಟ್ಟಿಗೆದ್ದು, ತನ್ನ ಚರ್ಮವನ್ನೇ ಕಿತ್ತುಕೊಂಡು ತೋಳವಾಗ್ತಾನೆ. ಎರಡನೇ ಗಂಡ ಅವನ ತಲೆ ಕಡಿದಾಗ ಅದು ಹಾಲಿನ ಪಾತ್ರೆಗೆ ಬಿದ್ದು ಮತ್ತೆ ಮನುಷ್ಯನ ಮುಖವಾಗುತ್ತೆ. ಅವಳು ಆ ಮುಖ ನೋಡಿ ಮರುಗಿ ಒಂದು ಮಾತಾಡಿದ್ದಕ್ಕೆ, ಕಾಪಾಡಿದ ಗಂಡ ಅವಳಿಗೇ ಹೊಡೀತಾನೆ. ಚರ್ಮ ಕಿತ್ತಿದ್ದಕ್ಕಿಂತ ನಾನು ಬೆಚ್ಚಿದ್ದು ಆ ಏಟಿಗೆ. ತೋಳ ಸತ್ತಾಗಿತ್ತು. ಹೊಡೆದವನ ಮೈಮೇಲೆ ಒಂದು ಹೆಚ್ಚಿನ ಕೂದಲೂ ಇರಲಿಲ್ಲ.

ನನ್ನ ಮೊದಲ ಕೆಲಸದಲ್ಲಿ ರಾತ್ರಿ ಕ್ಯಾಬ್ ಹತ್ತಿದ ಕೂಡಲೇ ಗಾಡಿ ನಂಬರ್, ಲೊಕೇಶನ್ ಮನೆಗೆ ಕಳಿಸಬೇಕಿತ್ತು. ಎರಡು ವರ್ಷದಲ್ಲಿ ಯಾವ ಡ್ರೈವರ್ ಅಣ್ಣನೂ ತೊಂದರೆ ಕೊಡಲಿಲ್ಲ. ಕೊಟ್ಟವರು ಟೀಮಿನ ಒಬ್ಬ ಹಿರಿಯರು. ಮೃದು ಮಾತು, ಎಲ್ಲರ ಹುಟ್ಟುಹಬ್ಬಕ್ಕೂ ಕೇಕ್ ತರಿಸೋರು. ಕೋಡ್ ನೋಡ್ತೀನಿ ಅಂತ ಹಿಂದೆ ನಿಂತು ಭುಜದ ಮೇಲೆ ಕೈ ಇಡೋರು. “ಕೈ ತೆಗೀರಿ ಸರ್” ಅಂದೆ. “ನೀನು ನನ್ನ ತಂಗಿ ಇದ್ದ ಹಾಗಲ್ವಾ” ಅಂತ ನಕ್ಕರು. ಆ ವರ್ಷದ ಅಪ್ರೈಸಲ್‌ನಲ್ಲಿ ನಾನು ಟೀಮಿನ ಜೊತೆ ಬೆರೆಯುವುದಿಲ್ಲ ಅಂತ ಬರೆದಿತ್ತು. ಲಿಖಿತವಾಗಿ ದೂರು ಕೊಟ್ಟೆ. ನನ್ನನ್ನು ಬೇರೆ ಟೀಮಿಗೆ ಹಾಕಿದರು, ಅವರು ಅಲ್ಲೇ ಉಳಿದರು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ‘ಕೆಲಸ ಬಿಟ್ಟು ಬಾ’ ಅನ್ನೋ ಒಂದೇ ಉತ್ತರ ಬರ್ತಿತ್ತು. ನನಗೆ ಆ ಕೆಲಸ ಬೇಕಿತ್ತು.

ಅಜ್ಜಿಯರ ಪಟ್ಟಿಯಲ್ಲಿ ಇಂಥವರಿಗೆ ಗುರುತು ಇರಲ್ಲ. ಸಿನಿಮಾದ ಅಜ್ಜಿಗೆ ಒಂದು ವಿಷಯ ಗೊತ್ತಿತ್ತು, ರೋಮ ಒಳಗಡೆ ಇರೋ ತೋಳಗಳೇ ಕೆಟ್ಟವು ಅಂತ. ಆದರೆ ಒಳಗೆ ನೋಡೋದು ಹೇಗೆ ಅಂತ ಅವಳೂ ಹೇಳಿಕೊಡಲಿಲ್ಲ. ಕೊನೆಗೆ ಸಭ್ಯ ಬೇಟೆಗಾರನ ವೇಷದಲ್ಲಿ ಬಂದ ತೋಳ ಅವಳನ್ನೇ ಮುಗಿಸಿತು.

ನನಗೆ ತುಂಬ ಹಿಡಿಸಿದ್ದು ಆಮೇಲಿನದು. ಸಿನಿಮಾದ ಮೊದಲ ಎರಡು ಕಥೆ ಅಜ್ಜಿಯವು, ಕೊನೆಯ ಎರಡು ರೋಸಲೀನ್ ಹೇಳೋವು. ಅವಳ ಕಥೆಗಳಲ್ಲಿ ತೋಳಗಳ ಜಾಗವೇ ಬದಲು. ಒಂದರಲ್ಲಿ, ಶ್ರೀಮಂತನೊಬ್ಬ ಬಸುರು ಮಾಡಿ ಕೈಬಿಟ್ಟ ಹೆಂಗಸು ಅವನ ಮದುವೆ ಊಟಕ್ಕೇ ಬಂದು ಇಡೀ ಬೀಗರ ಬಳಗವನ್ನು ತೋಳಗಳಾಗಿಸ್ತಾಳೆ. ಇನ್ನೊಂದರಲ್ಲಿ, ಬಾವಿಯೊಳಗಿನ ಲೋಕದಿಂದ ಬಂದ ಹೆಣ್ಣು ತೋಳಕ್ಕೆ ಊರಿನವನು ಗುಂಡು ಹೊಡೆದರೆ, ಮುದಿ ಪಾದ್ರಿ ಅದರ ಗಾಯ ಕಟ್ಟಿ ಕಳಿಸ್ತಾನೆ. ಈ ಕಥೆಯನ್ನು ಅವಳು ಹೇಳೋದು ತಾನೇ ಗುಂಡು ಹಾರಿಸಿ ಗಾಯಗೊಳಿಸಿದ ತೋಳಕ್ಕೆ. ಭಯ ಅವಳಿಗೂ ಇದೆ. ಆದರೆ ಕಥೆ ಈಗ ಅವಳ ಬಾಯಲ್ಲಿದೆ.

ಕೊನೆಯಲ್ಲಿ ತೋಳಗಳು ಕಿಟಕಿ ಒಡೆದು ನುಗ್ಗುತ್ತವೆ, ಮಲಗಿದ್ದ ಹುಡುಗಿ ಚೀರುತ್ತಾಳೆ, ಮತ್ತೆ ಎಚ್ಚರಿಕೆಯ ಪದ್ಯ. ಕಾರ್ಟರ್ ಯೋಚಿಸಿದ್ದ ಮುಕ್ತಾಯ ಇದಲ್ಲ. ಹುಡುಗಿ ಎದ್ದು ನಿಂತು, ನೀರಿಗೆ ಧುಮುಕೋ ಹಾಗೆ ನೆಲದೊಳಗೆ ಧುಮುಕಿ ಮಾಯವಾಗಬೇಕಿತ್ತು. ಆಗಿನ ತಂತ್ರಜ್ಞಾನದಲ್ಲಿ, ಅವರಿಗಿದ್ದ ದುಡ್ಡಿನಲ್ಲಿ ಅದನ್ನು ತೆಗೆಯೋಕೆ ಆಗಲಿಲ್ಲ. ಗಡುವು ಹತ್ತಿರ ಬಂದಾಗ ಒಳ್ಳೆಯ ಫೀಚರ್ ಕೈಬಿಟ್ಟು ರಿಲೀಸ್ ಮಾಡೋ ಕಷ್ಟ ನಮ್ಮಂಥವರಿಗೆ ಗೊತ್ತೇ ಇದೆ. ಆದರೂ ಧುಮುಕೋದರ ಬದಲು ಚೀರು ಬಂತಲ್ಲ ಅಂತ ಬೇಜಾರಾಯ್ತು.

ತಂಗಿ ಮುಂದಿನ ಭಾನುವಾರ ಬರ್ತಾಳೆ. ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರೋದು ನಾನೇ. ಕ್ಯಾಬ್ ನಂಬರ್ ಕಳಿಸು ಅಂತ ಖಂಡಿತ ಹೇಳ್ತೀನಿ, ಅದರಲ್ಲಿ ತಪ್ಪೇನಿಲ್ಲ. ಜೊತೆಗೆ ಆ ಹಿರಿಯರ ಕಥೆಯನ್ನೂ ಹೇಳ್ತೀನಿ. ದೂರನ್ನು ಹೇಗೆ ಬರೆದೆ, ತಾರೀಖುಗಳನ್ನು ಎಲ್ಲಿ ಗುರುತು ಹಾಕಿಟ್ಟಿದ್ದೆ, ಆಮೇಲೆ ಏನಾಯ್ತು, ಏನಾಗಲಿಲ್ಲ, ಎಲ್ಲ. ನಿನಗೆ ಹೀಗೇನಾದ್ರೂ ಆದ್ರೆ ನನಗೆ ಹೇಳು, ಕೆಲಸ ಬಿಡು ಅಂತ ನಾನಂತೂ ಅನ್ನಲ್ಲ ಅಂತಾನೂ ಹೇಳ್ತೀನಿ.

ಚಿಕ್ಕಮ್ಮ ಈ ಅಂಕಣ ತಪ್ಪದೆ ಓದ್ತಾರೆ, ಅಮ್ಮನೂ ಅಷ್ಟೇ. ಈ ಸಲ ಅವರೂ ಕೇಳಲಿ.