ಮಾವನ ಔಷಧಿ

ಹತ್ತನೇ ಕ್ಲಾಸ್‌ವರೆಗೂ ಕನ್ನಡ ನನಗೆ ಪಾಸಾಗೋಕೆ ಬೇಕಾದ ಒಂದು ಸಬ್ಜೆಕ್ಟ್ ಅಷ್ಟೇ. ತಪ್ಪುಗಳಿದ್ದರೆ ಕ್ಲಬ್ಬಿನ ಸೀನಿಯರ್ಸ್ ಬೈಕೊಳ್ಳದೆ ಓದಿ.

ಅಮ್ಮನ ಊರು ಮದ್ದೂರಿನ ಹತ್ತಿರ. ಅಲ್ಲಿ ಬೆಳೆಗೆ ಹೊಡೆಯೋದನ್ನ ಯಾರೂ ವಿಷ ಅನ್ನಲ್ಲ, 'ಔಷ್ದಿ' ಅಂತಾರೆ. ಕುಡಿದು ಯಾರಾದ್ರೂ ಸತ್ತರೆ ಮಾತ್ರ ಅದೇ ಬಾಟಲಿ ವಿಷ ಆಗುತ್ತೆ.

ಹೋದ ವರ್ಷ ರಜೆಯಲ್ಲಿ ಮಾವ ಒಂದು ಬಾಟಲಿ ಹಿಡ್ಕೊಂಡು ಬಂದು, "ಏನ್ ಬರ್ದವ್ರೆ ನೋಡ್ಲಾ ಮಗ" ಅಂದ್ರು. ನಾನು ಮೊಬೈಲಿನಿಂದ ಅರ್ಧ ಕಣ್ಣು ಎತ್ತಿ ನೋಡಿದೆ. ಮೊನೊಕ್ರೊಟೊಫಾಸ್ 36%. ಪಕ್ಕದಲ್ಲಿ ಕೆಂಪು ತ್ರಿಕೋನ, ತಲೆಬುರುಡೆ. "ಏನೋ ಕೆಮಿಕಲ್ ಮಾವ, ಅಂಗಡಿಯವರು ಹೇಳಿದಷ್ಟು ಹಾಕಿ" ಅಂದೆ. ಆ ಮನೆಯಲ್ಲಿ ಇಂಗ್ಲಿಷ್ ಓದೋಕೆ ಬರ್ತಿದ್ದದ್ದು ನನಗೊಬ್ಬನಿಗೇ.

ಮಾವ ಬದನೆಕಾಯಿಗೆ ಹೊಡೆದರು. ಕ್ಯಾನ್ ಸೋರಿ ಬೆನ್ನೆಲ್ಲಾ ಒದ್ದೆ. ಸಂಜೆ ಹೊತ್ತಿಗೆ ಬೆವರು, ಬಾಯಲ್ಲಿ ಜೊಲ್ಲು, ತೋಳಿನ ಮಾಂಸಖಂಡ ತಾನಾಗಿ ಅದುರ್ತಾ ಇತ್ತು. ಅತ್ತೆ ಬಿಸಿಲಿಗೆ ಆಗಿದೆ ಅಂತ ಮಜ್ಜಿಗೆ ಕೊಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, ಅಟ್ರೋಪಿನ್ ಕೊಟ್ಟರು. ಮಾವ ಉಳಿದರು.

ಆಮೇಲೆ ಓದಿದೆ. ನರ ಸ್ನಾಯುವಿಗೆ ಸಿಗ್ನಲ್ ಕೊಡೋದು ಅಸಿಟೈಲ್‌ಕೋಲಿನ್ ಮೂಲಕ. ಕೆಲಸ ಮುಗಿದ ಮೇಲೆ ಅದನ್ನ ಒಡೆಯೋಕೆ ಒಂದು ಎಂಜೈಮ್ ಇದೆ. ಆರ್ಗನೊಫಾಸ್ಫೇಟ್ ಆ ಎಂಜೈಮನ್ನೇ ಹಿಡಿದು ಕೂರುತ್ತೆ. ಸ್ವಿಚ್ ಆನ್ ಆಗುತ್ತೆ, ಆಫ್ ಆಗಲ್ಲ. ಹುಳುವಿಗೂ ಹೀಗೇ, ಮಾವನಿಗೂ ಹೀಗೇ. ಹಕ್ಕಿಗಳಿಗೂ ಅಷ್ಟೇ: 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆ ಇದನ್ನ ಹೊಡೆದಾಗ, ಚಳಿಗಾಲ ಕಳೆಯೋಕೆ ಉತ್ತರ ಅಮೆರಿಕದಿಂದ ಬಂದಿದ್ದ ಸ್ವೇನ್ಸನ್ ಗಿಡುಗಗಳು ಸಾವಿರಾರು ಸತ್ತವು. 2013ರಲ್ಲಿ ಬಿಹಾರದಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತಿದ್ದು ಇದೇ ಮೊನೊಕ್ರೊಟೊಫಾಸಿನಿಂದ. 2018ರ ಡಿಸೆಂಬರಿನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಪ್ರಸಾದದಲ್ಲಿ ಬೆರೆಸಿದ್ದೂ ಇದನ್ನೇ. ಆಗ ನಾನು ಸ್ಕೂಲ್ ಹುಡುಗ, ಟಿವಿಯಲ್ಲಿ ನೋಡಿ ಮರೆತುಬಿಟ್ಟಿದ್ದೆ.

ತರಕಾರಿಗೆ ಇದನ್ನ ಹೊಡೆಯಬಾರದು ಅಂತ 2005ರಲ್ಲೇ ನಿಷೇಧ ಆಗಿದೆ. ಅಂಗಡಿಯವನು ಅದನ್ನ ಹೇಳಲಿಲ್ಲ. ನಾನೂ ಓದಲಿಲ್ಲ. ಇಬ್ಬರಲ್ಲಿ ಅವನನ್ನ ಬೈಯೋದು ಸುಲಭ, ಬೈದೂ ಇದ್ದೀನಿ.

ಮಾವ ಆಸ್ಪತ್ರೆಯಿಂದ ಬರೋಷ್ಟರಲ್ಲಿ ಅತ್ತೆ ಆ ಶರ್ಟನ್ನ ಕೈಯಲ್ಲೇ ಒಗೆದು ಒಣಗಿಸಿದ್ದರು. ಮಾವ ಮೊದಲು ಕೇಳಿದ್ದು ಬದನೆಕಾಯಿ ಬಗ್ಗೆ. "ಬಲಿತೋಯ್ತದೆ ಕಣಮ್ಮಿ, ನಾಳೆ ಕೀಳ್ಸು" ಅಂದ್ರು. ಅಷ್ಟೊತ್ತಿಗೆ ನನಗೆ ಎಲ್ಲಾ ಗೊತ್ತಿತ್ತು. ಆಸ್ಪತ್ರೆ ಬಿಲ್ ಎಷ್ಟಾಗಿದೆ ಅಂತಲೂ ಗೊತ್ತಿತ್ತು. ಬೆಳಿಗ್ಗೆ ಮೂರು ಚೀಲ ಬದನೆಕಾಯಿ ಗೂಡ್ಸ್ ಆಟೋ ಹತ್ತಿ ಮಾರ್ಕೆಟ್‌ಗೆ ಹೋಯ್ತು. ಒಂದು ಚೀಲಕ್ಕೆ ನಾನೇ ಕೈ ಕೊಟ್ಟು ಎತ್ತಿದೆ.