ಹಲ್ಲು ನೋಡಿ ಕೊಂಡ ಗಾಡಿ

ಉದಗೀರ ತಾಲೂಕಿನ ಹಾಳಿ-ಹಂಡರಗುಳಿಯ ದನದ ಸಂತೆಗೆ ಎತ್ತು ಕೊಳ್ಳಲು ಹೋದವರು ಬಣ್ಣಕ್ಕೆ ಮರುಳಾಗುವುದಿಲ್ಲ. ದೇವಣಿ ತಳಿಯ ತವರಾದ ಈ ಸೀಮೆಯಲ್ಲಿ ಬಣ್ಣವು ಒಳಪಂಗಡವನ್ನಷ್ಟೇ ಹೇಳುತ್ತದೆ. ಅಚ್ಚ ಬಿಳುಪಾದರೆ ಬಾಲಂಕ್ಯಾ, ಬಿಳಿ ಮೈಗೆ ಮುಖದ ಪಕ್ಕದಲ್ಲಿ ಕಪ್ಪಿದ್ದರೆ ವಾನೆರಾ, ಮೈಮೇಲೆ ಕರಿ ಮಚ್ಚೆಗಳು ಚೆದರಿದ್ದರೆ ಶೇವೆರಾ. ಎತ್ತು ಎಳೆಯುತ್ತದೆಯೋ ಇಲ್ಲವೋ ಎಂಬುದನ್ನು ಬಣ್ಣ ಹೇಳದು. ಆದ್ದರಿಂದ ಅನುಭವಸ್ಥರು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ; ಗೊರಸು ಎತ್ತಿಸಿ ನೋಡುತ್ತಾರೆ; ಹೆಗಲಿನ ಮೇಲೆ ನೊಗ ಮೂಡಿಸಿದ ಗುರುತನ್ನು ಅಂಗೈಯಿಂದ ಒತ್ತುತ್ತಾರೆ; ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಮತ್ತೆ ನಡೆಸುತ್ತಾರೆ. ಎಲ್ಲ ಮುಗಿದ ಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ.

ಈ ವಿದ್ಯೆ ಕಬ್ಬಿಣದ ಎತ್ತಿಗೂ ಸಲ್ಲುತ್ತದೆಯೇ ಎಂಬ ಪ್ರಶ್ನೆ ನಿಲಂಗ ಮತ್ತು ಉಮರ್ಗಾಗಳ ನಡುವಿನ ಒಂದು ಹಳ್ಳಿಯ ಕನ್ನಡ ಮನೆಯಲ್ಲಿ ಎದ್ದಿತು. ಆ ಮನೆಯ ಹಿರಿಯ ಮಗ ಶಾಲಾ ಶಿಕ್ಷಕ. ಬೇಕಾಗಿದ್ದುದು ಹಳೆಯದೊಂದು ನಾಲ್ಕು ಗಾಲಿ ಚಾಲನೆಯ ಗಾಡಿ. ಕೈಯಲ್ಲಿದ್ದ ಹಣದ ದೊಡ್ಡ ಪಾಲು ಹಿಂದಿನ ವರ್ಷ ಜೋಡೆತ್ತು ಮಾರಿ ಬಂದದ್ದು. ಒಮ್ಮೆ ಮೋಸಹೋದರೆ ಮತ್ತೊಮ್ಮೆ ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ. ಎತ್ತೂ ಇಲ್ಲ, ಗಾಡಿಯೂ ಇಲ್ಲ ಎಂಬಂತಾಗುತ್ತಿತ್ತು.

ಅಗತ್ಯ ಹುಟ್ಟಿದ್ದು ಒಂದು ಭಾದ್ರಪದದ ಮಳೆಯಲ್ಲಿ. ಅವರದು ಎರೆಹೊಲ. ಎರೆ ನೆಲದ ಗುಣ ಎಲ್ಲರಿಗೂ ಗೊತ್ತಿರುವುದೇ: ಬೇಸಿಗೆಯಲ್ಲಿ ಕುಗ್ಗಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಹಿಟ್ಟಿನ ಕಣಕದಂತೆ ಅಂಟುತ್ತದೆ. ಆ ರಾತ್ರಿ ಹೊಲದ ಮನೆಯಲ್ಲಿದ್ದ ತಾಯಿಗೆ ಉಸಿರು ಕಟ್ಟತೊಡಗಿತು. ಬಾಡಿಗೆಯ ಗಾಡಿ ಡಾಂಬರು ರಸ್ತೆಯ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಒಳಗೆ ಬರಲಿಲ್ಲ. ಮಗನೂ ನೆರೆಹೊಲದ ಮೂವರೂ ಹೊರಸಿನ ಮೇಲೆ ತಾಯಿಯನ್ನು ಹೊತ್ತು, ಮೊಣಕಾಲುದ್ದದ ಕೆಸರಿನಲ್ಲಿ ರಸ್ತೆ ಮುಟ್ಟಿದರು. ತಾಯಿ ಬದುಕಿದರು. ಆದರೆ ಆ ದಾರಿಯನ್ನು ಮತ್ತೊಮ್ಮೆ ಹಾಗೆ ದಾಟಲಾಗದು ಎಂಬುದು ಅಂದೇ ಮನೆಮಂದಿಗೆಲ್ಲ ತಿಳಿಯಿತು.

ಮಳೆ ಹೀಗಾದರೆ ಬರ ಇನ್ನೊಂದು ಬಗೆ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ದೇಶವೇ ನೋಡಿತು. ಅಂಥ ವರ್ಷಗಳಲ್ಲಿ ಹೊಲದ ಮನೆಗೆ, ದನಗಳಿಗೆ ನೀರನ್ನು ಎಲ್ಲಿಂದಲೋ ಎಳೆದು ತರಬೇಕು. ಮೂರನೆಯದು ಹಬ್ಬದ ಅಗತ್ಯ. ಮಾರ್ಗಶಿರದ ಎಳ್ಳ ಅಮಾವಾಸ್ಯೆಯಂದು ಲಾತೂರು, ಧಾರಾಶಿವ, ಬೀದರ, ಕಲಬುರಗಿ ಸೀಮೆಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಎಡೆಯಿಟ್ಟು, ಬೆಳೆಯ ನಡುವೆ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂರಿಸಿ ಉಣ್ಣುವುದು ವಾಡಿಕೆ. ಪುಣೆಯಲ್ಲಿ ನೌಕರಿಯಲ್ಲಿದ್ದ ತಮ್ಮನಿಗೆ ಇವುಗಳ ಜೊತೆಗೆ ನಾಲ್ಕನೆಯದೊಂದು ಆಸೆಯಿತ್ತು: ಗಾಡಿಯ ನೆತ್ತಿಯ ಮೇಲೆ ಡೇರೆ ಕಟ್ಟಿ ಕಾಡುಮೇಡು ಸುತ್ತುವುದು. ಅದನ್ನು ಕೇಳಿ ಕಾಕಾ ನಕ್ಕರು. “ಹೊಲದಾಗ ಕೊಂಪಿ ಹಾಕ್ಕೊಂಡು ಮಲಗಿದ ಮಂದಿ ನಾವು. ನಮಗ ಡೇರೆ ಯಾಕ ತಮ್ಮಾ? ಮೊದಲ ಕೆಸರಿನ್ಯಾಗಿಂದ ಹೊರಗ ಬರೂದು ನೋಡು.”

ಈ ಕಾಕಾ ಜೀವಮಾನದಲ್ಲಿ ಗಾಡಿ ಓಡಿಸಿದವರಲ್ಲ. ಆದರೆ ಹಂಡರಗುಳಿಯ ಸಂತೆಯಲ್ಲಿ ಅವರು ಆರಿಸಿಕೊಟ್ಟ ಎತ್ತು ಎಂದರೆ ಸುತ್ತಲಿನವರು ಎರಡನೆಯ ಮಾತಾಡುತ್ತಿರಲಿಲ್ಲ. ಅವರನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದು ಶಿಕ್ಷಕರು ನಿರ್ಧರಿಸಿದ್ದು ಅರ್ಧ ಗೌರವದಿಂದ, ಅರ್ಧ ಭಯದಿಂದ.

ಮೊದಲ ಗಾಡಿ ಉದಗೀರಿನಲ್ಲಿ. ಮಹೀಂದ್ರಾ ಎಂಎಂ 540 ಜೀಪು. ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು 1947ರಲ್ಲಿ. ಆ ವಂಶದ ಕುಡಿಯಿದು. ಪ್ಯೂಜೊ ವಿನ್ಯಾಸದ 2112 ಸಿಸಿಯ ಡೀಸೆಲ್ ಎಂಜಿನ್, ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲಷ್ಟು ಸರಳ. ಕೆಂಪು ಬಣ್ಣ ಆಗತಾನೇ ಒಣಗಿದಂತಿತ್ತು. ಅಗಲವಾದ ಹೊಸ ಟಯರುಗಳು, ಮುಂದೆ ಸಾಲು ದೀಪಗಳು. ಶಿಕ್ಷಕರ ಮನಸ್ಸು ಅರೆಕ್ಷಣ ಜಾರಿತು. ಮಾರುವವನು ಎಂಜಿನ್ ಚಾಲೂ ಮಾಡುವ ಮುನ್ನ ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ತಣ್ಣಗಿರುವ ಹಳೆಯ ಡೀಸೆಲ್ ಎಂಜಿನ್ನಿನ ನಿಜವಾದ ಸ್ವಭಾವ ಬೆಳಗಿನ ಮೊದಲ ಚಾಲನೆಯಲ್ಲಿ ಹೊರಬೀಳುತ್ತದೆ. ಅದನ್ನು ಮುಚ್ಚಲೆಂದೇ ಗಿರಾಕಿ ಬರುವ ಮೊದಲು ಓಡಿಸಿ ಬಿಸಿ ಮಾಡಿಡುವುದುಂಟು. ಆಮೇಲೆ ಕಾಕಾ ಧೋತರ ಎತ್ತಿಕಟ್ಟಿ ನೆಲಕ್ಕೆ ಕುಳಿತು ಗಾಡಿಯ ಅಡಿಗೆ ಬಗ್ಗಿದರು.

“ಹಿಂದಿನ ಗಾಲಿಗಿ ನಡುವಿಂದ ಒಂದು ದಂಡ ಹೋಗ್ಯಾದ. ಮುಂದಿನ ಗಾಲಿಗಿ ಎಲ್ಲಿ ಅದ?”

ಕಾಕಾರಿಗೆ ಹೆಸರು ಗೊತ್ತಿರಲಿಲ್ಲ. ಅವರು ಕೇಳುತ್ತಿದ್ದುದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಡೀಸೆಲ್ ಉಳಿಯಲೆಂದು ತೆಗೆದದ್ದು, ಮನೆಯಲ್ಲಿದೆ, ಹುಡುಕಿ ಕೊಡುತ್ತೇವೆ ಎಂದು ಮಾರುವವನು ಹೇಳಿದ. ಚಾಲಕನ ಪಕ್ಕದಲ್ಲಿ ನಾಲ್ಕು ಗಾಲಿಯ ಲಿವರು ಇತ್ತು. ಅದನ್ನು ಎಳೆದರೆ ಎಳೆಯುತ್ತಿತ್ತು. ಆದರೆ ಅದರ ಮಾತು ಮುಂದಿನ ಗಾಲಿಗಳನ್ನು ಮುಟ್ಟುತ್ತಿರಲಿಲ್ಲ. ಹೊಸ ಬಣ್ಣದ ಅಡಿಯಲ್ಲಿ, ಹಿಂದಿನ ಪಾಟಾ ಕೂರುವಲ್ಲಿ ಚಾಸಿಗೆ ಬೆಸುಗೆ ಹಾಕಿದ ಗಂಟುಗಳೂ ಕೈಗೆ ಸಿಕ್ಕವು. ಚಹಾ ಕುಡಿದು ಇಬ್ಬರೂ ಎದ್ದು ಬಂದರು.

ಎರಡನೆಯದು ನಿಲಂಗದಲ್ಲಿದ್ದ ಮಾರುತಿ ಜಿಪ್ಸಿ, 1.3 ಲೀಟರಿನ ಪೆಟ್ರೋಲ್ ಗಾಡಿ. ಅದರ ಯಂತ್ರದಲ್ಲಿ ದೋಷ ಕಾಣಲಿಲ್ಲ. ನಾಲ್ಕು ಗಾಲಿಗೂ ಬಲ ಹರಿಯುತ್ತಿತ್ತು. ಹಗುರ ಮೈಯದಾದ್ದರಿಂದ ಕೆಸರಿನ ಮೇಲೆ ತೇಲಿದಂತೆ ಹೋಗುತ್ತಿತ್ತು. ತಮ್ಮ ಫೋನಿನಲ್ಲೇ ಒಪ್ಪಿಗೆ ಕೊಟ್ಟುಬಿಟ್ಟ. ಆದರೆ ಶಿಕ್ಷಕರು ಶಾಲೆಯ ಲೆಕ್ಕವನ್ನೇ ಹಾಕಿದರು. ಒಂದು ಲೀಟರ್ ನೀರು ಒಂದು ಕಿಲೊ. ಸಾವಿರ ಲೀಟರಿನ ಟಾಕಿ ಒಂದು ಟನ್. ಅದನ್ನು ಹೊರುವ ಟ್ರೇಲರಿನ ತೂಕ ಬೇರೆ. ಜಿಪ್ಸಿಯ ತೂಕವೇ ಸುಮಾರು ಒಂದು ಟನ್. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಭಾರವಾದರೆ, ಏರಿನಲ್ಲಿ ಹೇಗೋ ಸಾಗೀತು. ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ತಳ್ಳತೊಡಗುತ್ತದೆ. ಟಾಕಿ ಅರ್ಧ ತುಂಬಿದ್ದರಂತೂ ಒಳಗಿನ ನೀರು ಅಲುಗಾಡಿ ಇಡೀ ಗಾಡಿಯನ್ನು ಜಗ್ಗುತ್ತದೆ. ಎಂಜಿನ್ನಿನ ಬಲಕ್ಕಿಂತ ಗಾಡಿಯ ತೂಕ, ಬ್ರೇಕು ಮತ್ತು ಚಾಸಿಗಳೇ ಎಳೆಯುವ ಯೋಗ್ಯತೆಯನ್ನು ನಿರ್ಣಯಿಸುತ್ತವೆ. “ಎಳೆಗರುವಿಗಿ ನೊಗ ಹೂಡಿದಂಗ,” ಎಂದು ಕಾಕಾ ಆ ಲೆಕ್ಕವನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಜಿಪ್ಸಿಗೆ ಇನ್ನೊಂದು ತೊಡಕಿತ್ತು. ಅದರ ಹಣೆಯ ಮೇಲೆ ಕೆಎ 38 ಎಂಬ ಬೀದರಿನ ನೋಂದಣಿ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಮೊದಲಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಶಿಕ್ಷಕರು ಆ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. 1956ರ ನವೆಂಬರ್ 1ರವರೆಗೆ ನಿಲಂಗ ಮತ್ತು ಉದಗೀರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದೊಂದಿಗೆ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಶಿಕ್ಷಕರ ಅಜ್ಜಿ ಹುಟ್ಟಿದ ಜಿಲ್ಲೆಗೂ ಸೊಸೆಯಾಗಿ ಬಂದ ಜಿಲ್ಲೆಗೂ ಹೆಸರು ಒಂದೇ ಆಗಿತ್ತು; ಈಗ ಅದೇ ದಾರಿಯಲ್ಲಿ ಬಂದ ಗಾಡಿಗೆ ಎರಡು ಸರ್ಕಾರಗಳ ಮುದ್ರೆ ಬೇಕು. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರ ಪುರವರಾಧೀಶ್ವರರೆಂದು ಕರೆದುಕೊಂಡದ್ದು ಇದೇ ಲಾತೂರಿನ ಹೆಸರಿನಿಂದ. ಎಳ್ಳ ಅಮಾವಾಸ್ಯೆಯೇ ಇಲ್ಲಿಯ ಮರಾಠಿಯಲ್ಲಿ ‘ಯೆಳವಸ’ ಆಯಿತೆಂದು ಹೇಳುವುದುಂಟು. ಮಾತು ಯಾವ ಪತ್ರವನ್ನೂ ತೋರಿಸದೆ ಗಡಿ ದಾಟುತ್ತದೆ. ಗಾಡಿ ಹಾಗೆ ದಾಟಲಾರದು.

ಮೂರನೆಯದು ಉಮರ್ಗಾದಲ್ಲಿ, ಪುಣೆ-ಹೈದರಾಬಾದ್ ಹೆದ್ದಾರಿಯ ಬದಿಯ ಒಂದು ಅಂಗಳದಲ್ಲಿ ನಿಂತಿದ್ದ ಬೊಲೆರೊ ಕ್ಯಾಂಪರ್. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಎರಡು ಸಾಲು ಆಸನ, ಹಿಂದೆ ಸರಕಿನ ತೊಟ್ಟಿ, ನಾಲ್ಕು ಗಾಲಿ ಚಾಲನೆ. ಬಿಳಿ ಬಣ್ಣ ಬಿಸಿಲಿಗೆ ಹಳದಿಯಾಗಿತ್ತು. ಬಾಗಿಲಿನ ಅಂಚು ತುಕ್ಕು ಹಿಡಿದಿತ್ತು. ನಂಬರು ಫಲಕವೂ ಹಳದಿಯೇ: ಸರಕು ಗಾಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು, ತೊಟ್ಟಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ಇವೆರಡನ್ನೂ ಶಿಕ್ಷಕರು ಮೊದಲೇ ಬರೆದಿಟ್ಟುಕೊಂಡರು.

ಬಾನೆಟ್ಟು ತಣ್ಣಗಿತ್ತು. ಎರಡನೆಯ ಸುತ್ತಿಗೆ ಎಂಜಿನ್ ಹಿಡಿಯಿತು. ಮೊದಲು ಒಂದಿಷ್ಟು ಕರಿ ಹೊಗೆ, ಆಮೇಲೆ ಸ್ವಚ್ಛ. ನೀಲಿ ಹೊಗೆ ಬಂದಿದ್ದರೆ ಎಂಜಿನ್ ತನ್ನ ಆಯಿಲನ್ನೇ ಸುಡುತ್ತಿದೆಯೆಂದು ಅರ್ಥ. ಜೊತೆಗೆ ಬಂದ ಮಿಸ್ತ್ರಿ ಮುಂದಿನ ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿ ಎಣ್ಣೆಯನ್ನು ಬೆರಳಿಗೆ ಹಚ್ಚಿ ತೋರಿಸಿದ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಡಿ ಆಳವಾದ ನೀರಿನಲ್ಲಿ ಮುಳುಗಿ ಎದ್ದದ್ದು, ಇಲ್ಲಿ ಕಪ್ಪಗಿತ್ತು. ಓಡಿದ ಕಿಲೊಮೀಟರುಗಳ ಅಂಕಿಯನ್ನು ಅವನು ನೋಡಲೇ ಇಲ್ಲ. ಸವೆದ ಪೆಡಲಿನ ರಬ್ಬರನ್ನು ನೋಡಿದ. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ನೋಂದಣಿ ಪುಸ್ತಕದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದರು. ಕೊನೆಗೆ ಗಾಡಿಯನ್ನು ಪಕ್ಕದ ಉತ್ತ ಹೊಲಕ್ಕೆ ಇಳಿಸಿದರು. ಇಂಥ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಏರ್ಪಾಟು ಇರುವುದರಿಂದ ಡಾಂಬರಿನ ತಿರುವಿನಲ್ಲಿ ಅದನ್ನು ಪರೀಕ್ಷಿಸಿದರೆ ಹಲ್ಲುಗಾಲಿಗಳ ಮೇಲೆ ಒತ್ತಡ ಬೀಳುತ್ತದೆ. ಗಾಲಿ ಜಾರಲು ಅವಕಾಶವಿರುವ ಸಡಿಲ ಮಣ್ಣೇ ತಕ್ಕ ಸ್ಥಳ. ಇಳಿ ಗೇರಿಗೆ ಹಾಕಿದೊಡನೆ ಎಳೆತ ಸುಮಾರು ಎರಡೂವರೆ ಪಟ್ಟಾಯಿತು. ಎಕ್ಸಲರೇಟರ್ ಒತ್ತದೆಯೇ ಗಾಡಿ ಬದುವನ್ನು ಏರಿತು, ಎತ್ತು ಏರಿದ ಹಾಗೆ, ಅವಸರವಿಲ್ಲದೆ.

ಕುಂದುಗಳೂ ಸಿಕ್ಕವು. ಹಿಂದಿನ ಪಾಟಾದ ಒಂದು ಪಟ್ಟಿ ಸೀಳಿತ್ತು. ನಾಲ್ಕರಲ್ಲಿ ಒಂದು ಟಯರು ಬೇರೆ ಅಳತೆಯದು; ನಾಲ್ಕು ಗಾಲಿಗಳು ಕೂಡಿ ಎಳೆಯುವಾಗ ಅಳತೆಯ ಅಂತರ ಇಡೀ ಯಂತ್ರಕ್ಕೆ ಪೆಟ್ಟು. ಶಿಕ್ಷಕರ ಮುಖ ಬಾಡಿತು. ಕಾಕಾ ಮಾತ್ರ ಹಗುರಾದರು. “ಕಂಡ ಕುಂದಿಗಿ ಬೆಲೆ ಕಡಿಮಿ ಮಾಡಿಸಬಹುದು. ಕಾಣಲಾರದ ಕುಂದಿಗಿ ಏನು ಮಾಡ್ತಿ?” ಅನಂತರ ಸಂತೆಯಲ್ಲಿ ಪ್ರತಿಸಲ ಕೇಳುವ ಪ್ರಶ್ನೆಯನ್ನು ಒಡೆಯನಿಗೆ ಕೇಳಿದರು: “ಯಾಕ ಮಾರಲತ್ತೀರಿ?” ಒಡೆಯ ಮುದುಕ. ಮಗ ಹೈದರಾಬಾದಿಗೆ ಹೋಗಿ ನೆಲೆಸಿದ್ದಾನೆ, ತನಗೆ ಕಣ್ಣು ಸಾಲದು, ನಿಂತಲ್ಲೇ ನಿಂತು ಕೆಡುವುದನ್ನು ನೋಡಲಾಗದು ಎಂದ. ಹೇಳುವಾಗ ಅವನ ಕೈ ಗಾಡಿಯ ಬಾಗಿಲಿನ ಮೇಲಿತ್ತು. ಕಾಕಾ ಮತ್ತೇನೂ ಕೇಳಲಿಲ್ಲ. ಮಾಲೀಕತ್ವ ಬದಲಿಸುವ ನಮೂನೆ 29 ಮತ್ತು 30, ಹಳೆಯ ಸಾಲ ತೀರಿದ್ದಕ್ಕೆ ನಮೂನೆ 35 ಇವೆಲ್ಲ ಕೈಸೇರಿದ ಮೇಲೆಯೇ ಹಣ ಎಣಿಸಿದ್ದು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆಯಲ್ಲಿ ಶಿಕ್ಷಕರು ಉಬ್ಬಿದ ಎದೆಯಿಂದ ಹೊಲದ ದಾರಿಗೆ ಗಾಡಿ ಇಳಿಸಿದರು. ನೂರು ಹೆಜ್ಜೆಯೊಳಗೆ ಟಯರಿನ ಗೀರುಗಳಲ್ಲೆಲ್ಲ ಎರೆ ತುಂಬಿ ನಾಲ್ಕು ಗಾಲಿಗಳೂ ನುಣ್ಣಗಾದವು. ಗಾಡಿ ಅಡ್ಡಡ್ಡ ಜಾರಿತು. ನಾಲ್ಕು ಗಾಲಿಗೆ ಬಲವಿದ್ದರೂ ಹಿಡಿಯಲು ನೆಲ ಬೇಕಲ್ಲ. ಅಂದು ಹೇಗೋ ಹಿಂದೆ ಬಂದರು. ಆ ಬೇಸಿಗೆಯಲ್ಲಿ, ದಾರಿಯ ಕೆಟ್ಟ ಭಾಗಕ್ಕೆ ಅದೇ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ಮುರಮು ತಂದು ಹಾಸಿದರು. ಅದಾದ ಮೇಲಿನ ಮಳೆಯಲ್ಲಿ ಗಾಡಿ ಹೊಲದ ಮನೆಯ ಅಂಗಳದವರೆಗೆ ಹೋಗಿ ನಿಂತಿತು. ಕಾಕಾ ಹೇಳಿದ್ದಿಷ್ಟು: “ಎತ್ತು ಛಲೋ ಇದ್ದರೂ ದಾರಿ ಮಾಡೂದು ಒಕ್ಕಲಿಗನ ಕೆಲಸ.”

ಆ ವರ್ಷದ ಎಳ್ಳ ಅಮಾವಾಸ್ಯೆಗೆ ತಾಯಿ ಮುಂದಿನ ಆಸನದಲ್ಲಿ ಕುಳಿತು ಹೊಲಕ್ಕೆ ಬಂದರು. ತೊಟ್ಟಿಯಲ್ಲಿ ಅಂಬಲಿಯ ಗಡಿಗೆ, ರೊಟ್ಟಿಯ ಬುಟ್ಟಿ, ಪುಣೆಯ ತಮ್ಮ ಕೊನೆಗೂ ತಂದ ಡೇರೆ. ಪೂಜೆಯಾದ ಮೇಲೆ ತಾಯಿ ಜೋಳದ ಸಾಲುಗಳ ನಡುವೆ ಚರಗ ಚೆಲ್ಲುತ್ತ ಹೋದರು. ಹಿಂದಿರುಗಿ ಬರುವಾಗ ಬಟ್ಟಲಿನಲ್ಲಿ ಒಂದು ಹಿಡಿ ಉಳಿದಿತ್ತು. ಎತ್ತುಗಳಿದ್ದಾಗ ಆ ಕೊನೆಯ ಹಿಡಿ ಅವುಗಳ ಬಾಯಿಗೆ ಹೋಗುತ್ತಿತ್ತು. ಅವರು ಒಂದು ಗಳಿಗೆ ನಿಂತು, ಬಗ್ಗಿ, ಅದನ್ನು ಗಾಡಿಯ ಮುಂದಿನ ಗಾಲಿಯ ಬುಡದಲ್ಲಿ ಇಟ್ಟರು.